ಕೆರೆಯಂಗಳದ ಮುಂಡಿ

ಕೋಲಾರ ಸೀಮೆಯಲ್ಲಿ ವರ್ಷದ ಹನ್ನೆರಡು ತಿಂಗಳೂ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳು ಮಳೆ ಸುರಿದಾಗ ಹರಿದು, ಮಳೆ ನಿಂತ ಮೇಲೆ ಮರಳಿನ ಹಾಸುಗಳಾಗಿ ಉಳಿಯತಕ್ಕವು. ವರ್ಷಕ್ಕೆ ಸರಾಸರಿ ಸುಮಾರು 750 ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ಬೀಳುವುದು ಮಳೆಗಾಲದ ಕೊನೆಯ ತಿಂಗಳುಗಳಲ್ಲಿ. ಇಂತಹ ನೆಲದಲ್ಲಿ ಬದುಕಬೇಕಾದ ಜನರು, ಬಿದ್ದ ನೀರನ್ನು ತಡೆದು ನಿಲ್ಲಿಸುವ ಉಪಾಯವನ್ನು ಬಹು ಹಿಂದೆಯೇ ಕಂಡುಕೊಂಡರು. ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿದರು, ಏರಿಗೆ ತೂಬನ್ನಿಟ್ಟರು, ಮಿಕ್ಕ ನೀರು ಹೊರಹೋಗಲು ಕೋಡಿ ಮಾಡಿದರು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿಯ ನೀರು ಇನ್ನೂ ಕೆಳಗಿನ ಕೆರೆಗೆ ಇಳಿಯುವಂತೆ ಸರಪಣಿ ಹೆಣೆದರು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದ ಮೇಲೂ ಕೋಲಾರ ಜಿಲ್ಲೆಯ ಪಾಲಿಗೆ ಎರಡು ಸಾವಿರಕ್ಕಿಂತ ಹೆಚ್ಚು ಕೆರೆಗಳು ಉಳಿದಿವೆ.

ಕೆರೆ ಎಂದೊಡನೆ ನಮ್ಮ ಕಣ್ಣಿನ ಮುಂದೆ ನಿಲ್ಲುವುದು ನೀರು. ಆದರೆ ಈ ಸೀಮೆಯ ಕೆರೆಗೆ ವರ್ಷದಲ್ಲಿ ಮೂರು ರೂಪಗಳುಂಟು. ಮಳೆಗಾಲದ ಕೊನೆಯಲ್ಲಿ ಅದು ನೀರು. ಬೇಸಗೆಯಲ್ಲಿ ಬಿರುಕು ಬಿಟ್ಟ ಒಣನೆಲ. ಇವೆರಡರ ನಡುವೆ, ತೂಬಿನ ನೀರು ಗದ್ದೆಗೆ ಹರಿದು ಕೆರೆಯ ಅಂಚು ದಿನದಿನಕ್ಕೂ ಒಳಗೆ ಸರಿಯುತ್ತಿರುವಾಗ, ಅದು ಕೆಸರು. ನೀರಿಗೆ ತಾವರೆ, ನೈದಿಲೆಗಳುಂಟು. ಒಣನೆಲಕ್ಕೆ ತುಂಬೆ, ಉತ್ತರಾಣಿಗಳುಂಟು. ಕೆಲವೇ ತಿಂಗಳು ಬಾಳುವ ಆ ಕೆಸರನ್ನೇ ತನ್ನ ಮನೆಯಾಗಿ ಆರಿಸಿಕೊಂಡ ಹೂಗಿಡವೂ ಒಂದುಂಟು. ಅದೇ ಮುಂಡಿ.

ಹೆಸರು ಮತ್ತು ರೂಪ

ಚಳಿಗಾಲ ಕಳೆಯುತ್ತಿರುವಾಗ ಕೆರೆಯ ಹಿನ್ನೀರು ಇಳಿದ ಕಡೆಯಲ್ಲಿ, ಇಲ್ಲವೆ ಬತ್ತದ ಕೊಯ್ಲಾಗಿ ಇನ್ನೂ ತೇವವಾರದ ಗದ್ದೆಯ ಕೂಳೆಗಳ ನಡುವೆ, ಗೇಣೆತ್ತರದಿಂದ ಮೊಳದೆತ್ತರದವರೆಗೆ ಬೆಳೆದು ನಿಂತ ಕವಲುಕವಲಾದ ಗಿಡಗಳನ್ನು ಕಾಣಬಹುದು. ಗಿಡವನ್ನು ಮುಟ್ಟಿದರೆ ಬೆರಳಿಗೆ ಅಂಟು. ಎಲೆಯನ್ನು ಹೊಸಕಿದರೆ ಘಾಟಾದ ಪರಿಮಳ. ಎಲೆಗೆ ತೊಟ್ಟಿಲ್ಲ. ಎಲೆಯ ಬುಡವು ಕಾಂಡದುದ್ದಕ್ಕೂ ಇಳಿದು ಹಲ್ಲುಹಲ್ಲಾದ ರೆಕ್ಕೆಯಂತೆ ಅಂಟಿಕೊಂಡಿರುತ್ತದೆ. ಕಾಂಡಕ್ಕೆ ರೆಕ್ಕೆ ಕಟ್ಟಿದಂತಹ ಈ ನೋಟವೊಂದೇ ಗಿಡವನ್ನು ಗುರುತಿಸಲು ಸಾಕು. ಕವಲುಗಳ ತುದಿಯಲ್ಲಿ ಗೋಲಿಯ ಗಾತ್ರದ, ನಸುಗೆಂಪು ಬೆರೆತ ನೇರಳೆ ಬಣ್ಣದ ಚೆಂಡುಗಳು ಒಂದೊಂದಾಗಿ ನಿಂತಿರುತ್ತವೆ.

ಈ ಚೆಂಡುಗಳೇ ಗಿಡಕ್ಕೆ ಅದರ ಹೆಸರುಗಳನ್ನೆಲ್ಲ ತಂದುಕೊಟ್ಟಿವೆ. ಸಂಸ್ಕೃತದಲ್ಲಿ ಮುಂಡ ಎಂದರೆ ಬೋಳಿಸಿದ ತಲೆ, ಅದರಿಂದ ಮುಂಡೀ. ಕೋಲಾರದ ಹಳ್ಳಿಗಳಲ್ಲಿ ಕನ್ನಡದೊಡನೆ ತೆಲುಗೂ ಮನೆಮಾತು. ತೆಲುಗಿನಲ್ಲಿ ಇದು ಬೋಡಸರಂ. ಅಲ್ಲಿಯ ಬೋಡಿ ಎಂಬ ಮಾತಿಗೂ ನಮ್ಮ ಬೋಳು ಎಂಬ ಮಾತಿಗೂ ಅರ್ಥ ಒಂದೇ. ಮಲೆಯಾಳದವರು ಅದೇ ಚೆಂಡಿನಲ್ಲಿ ಅಡಕೆಯನ್ನು ಕಂಡು ಅಡಕ್ಕಾಮಣಿಯನ್ ಎಂದು ಕರೆದರು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತನು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ 'ಹೋರ್ಟಸ್ ಮಲಬಾರಿಕಸ್' ಎಂಬ ಮಹಾಗ್ರಂಥದಲ್ಲಿ ಆ ಮಲೆಯಾಳಿ ಹೆಸರಿನಿಂದಲೇ ಇದರ ಚಿತ್ರವನ್ನೂ ವರ್ಣನೆಯನ್ನೂ ಸೇರಿಸಿದ್ದಾನೆ. 1753ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಇಟ್ಟ ಶಾಸ್ತ್ರೀಯ ನಾಮವಾದ ಸ್ಫೀರಾಂಥಸ್ ಇಂಡಿಕಸ್ ಎಂಬುದಕ್ಕೂ 'ಭಾರತದ ಗೋಳಪುಷ್ಪ' ಎಂದೇ ಅರ್ಥ. ನಾಲ್ಕು ಭಾಷೆಗಳ ಜನ ಬೇರೆಬೇರೆಯಾಗಿ ನೋಡಿದರೂ ಅವರೆಲ್ಲರ ಕಣ್ಣು ನಿಂತದ್ದು ಆ ಚೆಂಡಿನ ಮೇಲೆಯೇ.

ಆ ಚೆಂಡು ಒಂದು ಹೂವಲ್ಲ. ಮುಂಡಿಯು ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ನಾವು ಹೂವೆಂದು ಕರೆಯುವುದು ನಿಜವಾಗಿ ನೂರಾರು ಕಿರುಹೂಗಳು ಒತ್ತಾಗಿ ಕುಳಿತ ಸಂತೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಚೆಂಡುಮಂಜರಿ ಎಂದು ಹೆಸರು. ಮುಂಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರಲ್ಲಿ ಪುಟ್ಟಪುಟ್ಟ ಚೆಂಡುಮಂಜರಿಗಳು ಅನೇಕ ಸೇರಿ ಒಂದೇ ದೊಡ್ಡ ಚೆಂಡಾಗಿವೆ. ಗೋಲಿಯಷ್ಟು ಗಾತ್ರದೊಳಗೆ ಹೂಗಳ ಗುಂಪು, ಆ ಗುಂಪುಗಳದೇ ಮತ್ತೊಂದು ಗುಂಪು! ಒಂದೊಂದು ಕಿರುಮಂಜರಿಯಲ್ಲಿಯೂ ಹೊರಗೆ ಹೆಣ್ಣುಹೂಗಳು ಹೆಚ್ಚಾಗಿಯೂ, ನಡುವೆ ಕೇಸರಗಳುಳ್ಳ ಹೂಗಳು ಕೆಲವೇ ಆಗಿಯೂ ಇರುತ್ತವೆ. ಒಂಟಿಯಾಗಿದ್ದರೆ ಯಾವ ದುಂಬಿಯ ಕಣ್ಣಿಗೂ ಬೀಳದಷ್ಟು ಸಣ್ಣ ಹೂಗಳು, ಹೀಗೆ ಒಟ್ಟುಗೂಡಿದುದರಿಂದ ದೂರದಿಂದಲೇ ಜೇನುನೊಣಗಳನ್ನೂ ಚಿಟ್ಟೆಗಳನ್ನೂ ಕರೆಯಬಲ್ಲವು. ಒಮ್ಮೆ ಬಂದು ಕುಳಿತ ಕೀಟವು ಹೆಜ್ಜೆಯೆತ್ತುವುದರೊಳಗೆ ಹತ್ತಾರು ಹೂಗಳನ್ನು ಮುಟ್ಟಿ ಹೋಗುವುದು.

ಹಾರದ ಬೀಜ

ಸೂರ್ಯಕಾಂತಿಯ ಕುಟುಂಬದ ಅನೇಕ ಸಸ್ಯಗಳು ತಮ್ಮ ಬೀಜವನ್ನು ಗಾಳಿಗೆ ಒಪ್ಪಿಸುತ್ತವೆ. ದಾರಿಯ ಬದಿಯ ಸಹದೇವಿಯನ್ನು ನೋಡಿದವರು ಬಲ್ಲರು: ಪ್ರತಿಯೊಂದು ಕಾಯಿಯ ನೆತ್ತಿಯಲ್ಲಿಯೂ ಬಿಳಿಯ ರೋಮಗುಚ್ಛವಿರುವುದು, ಗಾಳಿ ಬೀಸಿದೊಡನೆ ಅದು ಕೊಡೆಯಂತೆ ಬಿಚ್ಚಿ ಬೀಜವನ್ನು ಹೊತ್ತೊಯ್ಯುವುದು. ಮುಂಡಿಯ ಕಾಯಿಗೆ ಈ ರೋಮಗುಚ್ಛವೇ ಇಲ್ಲ. ಚೆಂಡು ಒಣಗಿ ಪುಡಿಯಾದಾಗ ಬೀಜವು ತಾಯಿಗಿಡದ ಬುಡದಲ್ಲಿ, ಕೆರೆಯಂಗಳದ ಜೇಡಿಮಣ್ಣಿನ ಬಿರುಕುಗಳೊಳಗೆ ಬೀಳುವುದು.

ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ತುಸು ಆಲೋಚಿಸಿ ನೋಡಿ. ಒಣನಾಡಿನ ನಡುವೆ ಕೆರೆಯೊಂದು ದ್ವೀಪದಂತೆ. ಕೆರೆಯಂಗಳವನ್ನು ಬಿಟ್ಟು ಹಾರಿದ ಬೀಜವು ಬೀಳುವುದು ರಾಗಿಯ ಹೊಲದಲ್ಲೊ, ಮಾವಿನ ತೋಪಿನಲ್ಲೊ, ಕಲ್ಲುಗುಡ್ಡದ ಮೇಲೊ. ಅಲ್ಲಿ ಅದಕ್ಕೆ ಬೇಕಾದ ಕೆಸರು ಇಲ್ಲ. ಕೆರೆಯ ಒಳಗೆ ಬಿದ್ದ ಬೀಜಕ್ಕಾದರೋ, ಇಂದು ಒಣಗಿದ್ದರೂ ಮುಂದೆಂದಾದರೂ ಕೆಸರು ದೊರೆಯುವ ಭರವಸೆಯುಂಟು. ಅದು ದೂರ ಹೋಗಬೇಕಾಗಿಲ್ಲ, ಕಾದಿರಬೇಕು. ಸಹದೇವಿಯ ಬೀಜ ಸಂಚರಿಸುವುದು ದೇಶದಲ್ಲಾದರೆ, ಕೆರೆಯಂಗಳದ ಬೀಜ ಸಂಚರಿಸುವುದು ಕಾಲದಲ್ಲಿ.

ಹಾಗಾದರೆ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಇಂತಹ ಗಿಡಗಳು ಹೋಗುವುದೇ ಇಲ್ಲವೆ? ಹೋಗುತ್ತವೆ. ಕೋಡಿಯ ನೀರಿನೊಡನೆ ಬೀಜವೂ ಹರಿದೀತು. ಬಕಪಕ್ಷಿಗಳ ಕಾಲಿಗೆ, ಎಮ್ಮೆಯ ಗೊರಸಿಗೆ ಮೆತ್ತಿದ ಕೆಸರಿನೊಡನೆಯೂ ಸಾಗೀತು. ಈ ಎರಡನೆಯ ದಾರಿಯನ್ನು ಕುರಿತು ಆಳವಾಗಿ ಯೋಚಿಸಿದವನು ಚಾರ್ಲ್ಸ್ ಡಾರ್ವಿನ್. ಒಂದು ಸಣ್ಣ ಕೊಳದ ಅಂಚಿನಲ್ಲಿ, ನೀರಿನ ಅಡಿಯಿಂದ ಮೂರು ಕಡೆ ಮೂರು ದೊಡ್ಡ ಚಮಚೆಗಳಷ್ಟು ಕೆಸರನ್ನು ಅವನು ತೆಗೆದನು. ಒಣಗಿದ ಮೇಲೆ ಅದರ ತೂಕ ಸುಮಾರು 190 ಗ್ರಾಂ ಮಾತ್ರ. ಅದನ್ನು ಆರು ತಿಂಗಳು ತನ್ನ ಓದುವ ಕೋಣೆಯಲ್ಲಿ ಮುಚ್ಚಿಟ್ಟು, ಮೊಳೆತ ಒಂದೊಂದು ಸಸಿಯನ್ನೂ ಕಿತ್ತು ಎಣಿಸಿದನು. ಒಂದು ಬಟ್ಟಲಿನಲ್ಲಿ ಹಿಡಿಯುವಷ್ಟು ಆ ಕೆಸರಿನಿಂದ ಎದ್ದ ಸಸಿಗಳು 537! 1859ರಲ್ಲಿ ಪ್ರಕಟವಾದ 'ಜೀವಿಜಾತಿಗಳ ಉಗಮ' ಎಂಬ ತನ್ನ ಗ್ರಂಥದಲ್ಲಿ ಅವನು ಈ ಲೆಕ್ಕವನ್ನು ಕೊಟ್ಟು, ನೀರುಹಕ್ಕಿಗಳ ಪಾದದ ಕೆಸರು ಎಷ್ಟು ಸಸ್ಯಗಳನ್ನು ಊರಿಂದೂರಿಗೆ ಒಯ್ಯಬಲ್ಲದು ಎಂಬುದನ್ನು ತೋರಿಸಿದನು.

ಬೀಜಕ್ಕೆ ಹೊತ್ತು ತಿಳಿಯುವ ಬಗೆ

ಕೆಸರಿನಲ್ಲಿ ಹುದುಗಿರುವ ಬೀಜಕ್ಕೆ ಅತಿ ಕಷ್ಟವಾದ ಪ್ರಶ್ನೆ ಒಂದೇ: ಯಾವಾಗ ಮೊಳೆಯಬೇಕು? ಆಳವಾದ ನೀರಿನಡಿಯಲ್ಲಿ ಮೊಳೆತರೆ ಸಸಿ ಉಸಿರುಕಟ್ಟಿ ಸಾಯುವುದು. ಬೇಸಗೆಯ ಮಧ್ಯದಲ್ಲಿ ಬಿದ್ದ ಒಂದು ಹದಮಳೆಗೆ ಮರುಳಾಗಿ ಮೊಳೆತರೆ ಒಣಗಿ ಸಾಯುವುದು. ಬೀಜಕ್ಕೆ ಕಣ್ಣಿಲ್ಲ, ಪಂಚಾಂಗವಿಲ್ಲ. ಆದರೂ ಅದು ಹೊತ್ತನ್ನರಿಯಬೇಕು.

ಕೆಸರುನೆಲದ ಅನೇಕ ಏಕವಾರ್ಷಿಕ ಸಸ್ಯಗಳ ಬೀಜಗಳು ಮೂರು ಸೂಚನೆಗಳನ್ನು ನೆಚ್ಚಿಕೊಂಡಿವೆಯೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಮೊದಲನೆಯದು ಬೆಳಕು. ಬೀಜದಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯವು ಬೆಳಕಿನ ಕೆಂಪು ಕಿರಣಗಳನ್ನು ಗುರುತಿಸಬಲ್ಲದು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾಲಯದ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಲೆಟಿಸ್ ಎಂಬ ಸೊಪ್ಪಿನ ಬೀಜಗಳ ಮೇಲೆ ಪ್ರಯೋಗ ಮಾಡಿ, ಕೆಂಪು ಬೆಳಕು ಬೀಜವನ್ನು ಎಬ್ಬಿಸುವುದನ್ನೂ, ಕೆಂಪಿನಾಚೆಯ ಬೆಳಕು ಅದನ್ನು ಮತ್ತೆ ಮಲಗಿಸುವುದನ್ನೂ ತೋರಿಸಿಕೊಟ್ಟರು. ಎರಡನೆಯದು ಆಮ್ಲಜನಕ. ನೀರು ನಿಂತ ಕೆಸರಿನಲ್ಲಿ ಅದು ತೀರ ಕಡಿಮೆ. ನೀರು ಸರಿದ ಮೇಲೆ ಗಾಳಿ ಒಳಹೊಕ್ಕು ಅದು ಹೆಚ್ಚುವುದು. ಮೂರನೆಯದು ಉಷ್ಣತೆಯ ಏರಿಳಿತ. ನೀರಿನ ತಳದಲ್ಲಿ ಹಗಲಿಗೂ ಇರುಳಿಗೂ ಇರುವ ಅಂತರ ಅಲ್ಪ. ಕೆಸರು ಬಯಲಿಗೆ ಬಂದೊಡನೆ ಹಗಲು ಕಾಯುವುದು, ಇರುಳು ತಣಿಯುವುದು. ಬೆಳಕು, ಗಾಳಿ, ಬಿಸಿ-ತಂಪುಗಳ ಈ ಏರಿಳಿತ, ಮೂರೂ ಕೂಡಿದರೆ ಮೇಲಿನ ನೀರು ಇಳಿದಿದೆಯೆಂದೇ ಅರ್ಥ. ಬೀಜವು ಆಗ ಕಣ್ತೆರೆಯುವುದು.

ಅಲ್ಲಿಂದಾಚೆಗೆ ಓಟ. ಅಡಿಯಲ್ಲಿ ತೇವವಿರುವಷ್ಟು ದಿನಗಳೊಳಗೆ ಬೇರು ಬಿಟ್ಟು, ಕವಲೊಡೆದು, ಹೂತು, ಕಾಯಿ ಕಟ್ಟಿ ಮುಗಿಸಬೇಕು. ನೀರು ಒಮ್ಮೆಗೇ ಇಳಿಯದೆ ದಿನಕ್ಕಿಷ್ಟರಂತೆ ಸರಿಯುವುದರಿಂದ ಕೆರೆಯಂಗಳದಲ್ಲಿ ಒಂದು ಸೊಗಸಾದ ಕ್ರಮವನ್ನು ಕಾಣಬಹುದು. ಮೊದಲು ಬಯಲಾದ ಮೇಲಂಚಿನಲ್ಲಿ ಹೂಬಿಟ್ಟ ಗಿಡಗಳು, ಕೆಳಗಿಳಿದಂತೆ ಮೊಗ್ಗಿನವು, ಮತ್ತೂ ಇಳಿದರೆ ಎಳೆಯ ಸಸಿಗಳು, ನೀರಿನ ಅಂಚಿನಲ್ಲಿ ಈಗಷ್ಟೇ ಮೊಳೆತ ಎರಡೆಲೆಗಳು. ಏರಿಯ ಎದುರಿನ ದಂಡೆಯಿಂದ ನೀರಿನವರೆಗೆ ನಡೆದುಹೋದವನು ಒಂದು ಗಿಡದ ಬಾಳನ್ನು ಹಿಮ್ಮುಖವಾಗಿ ಓದಿದಂತಾಗುವುದು.

ಈ ಓಟದಲ್ಲಿ ಗಿಡಕ್ಕೆ ಶತ್ರುಗಳೂ ಉಂಟು. ಇತರ ಹಸುರು ಒಣಗುವ ಕಾಲದಲ್ಲಿ ಕೆರೆಯಂಗಳವೇ ದನಕುರಿಗಳ ಗೋಮಾಳ. ಮುಂಡಿಯ ಪರಿಮಳದ ಎಣ್ಣೆ ಮತ್ತು ಅದರಲ್ಲಿರುವ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ವರ್ಗದ ಕಹಿ ಪದಾರ್ಥಗಳು ಇಲ್ಲಿ ನೆನಪಿಗೆ ಬರುತ್ತವೆ. ಇಂತಹ ಪದಾರ್ಥಗಳು ಮೇಯುವ ಪ್ರಾಣಿಗಳಿಗೂ ಕೀಟಗಳಿಗೂ ಅಪ್ರಿಯ. ಆಯುರ್ವೇದದಲ್ಲಿ ಮುಂಡಿಗೆ ಹಿಂದಿನಿಂದಲೂ ಸ್ಥಾನವಿದೆ. ಇಂದಿನ ರಸಾಯನಶಾಸ್ತ್ರಜ್ಞರು ಅದರ ಸತ್ತ್ವಗಳನ್ನು ಬೇರ್ಪಡಿಸಿ ಪರೀಕ್ಷಿಸುತ್ತಿದ್ದಾರೆ. ಗಿಡವು ತನ್ನ ರಕ್ಷಣೆಗೆಂದು ಕೂಡಿಟ್ಟದ್ದರಲ್ಲಿ ಮನುಷ್ಯನು ಮದ್ದನ್ನು ಹುಡುಕುತ್ತಿದ್ದಾನೆ.

ಮನುಷ್ಯನ ಕೆರೆ, ಗಿಡದ ಮನೆ

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೋಲಾರದ ಕೆರೆಗಳು ಪ್ರಕೃತಿ ಮಾಡಿದವಲ್ಲ; ಮನುಷ್ಯ ಕಟ್ಟಿದವು. ಆದುದರಿಂದ ಈ ಸೀಮೆಯ ಮುಂಡಿಯ ಮನೆಗಳಲ್ಲಿ ಬಹುಪಾಲನ್ನು ಕಟ್ಟಿಕೊಟ್ಟವನು ರೈತನೇ. ತೂಬನ್ನು ತೆರೆದು ಮುಚ್ಚುವ ನೀರುಗಂಟಿಯ ಕೈಯಲ್ಲಿಯೇ ಕೆಸರಿನ ಕಾಲಮಾನವೂ ಇದ್ದಿತು. ಬೇಸಗೆಯಲ್ಲಿ ರೈತರು ಗಾಡಿಗಳಲ್ಲಿ ಕೆರೆಗೋಡನ್ನು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದಾಗ ಹೂಳು ತೆಳುವಾಗಿ ಹೋಗುತ್ತಿತ್ತು, ಬೀಜದ ಭಂಡಾರ ಬಹುಮಟ್ಟಿಗೆ ಉಳಿಯುತ್ತಿತ್ತು.

ಇಂತಹ ಸಂಬಂಧ ನಮ್ಮಲ್ಲಿ ಮಾತ್ರ ಇರುವುದಲ್ಲ. ಯೂರೋಪಿನ ಬೊಹೆಮಿಯ ಪ್ರಾಂತದಲ್ಲಿ, ಇಂದಿನ ಚೆಕ್ ದೇಶದ ತ್ರೆಬೋನ್ ಪಟ್ಟಣದ ಸುತ್ತ, ಮೀನು ಸಾಕಲು ಕಟ್ಟಿದ ಹಳೆಯ ಕೆರೆಗಳುಂಟು. ಅವುಗಳಲ್ಲಿ ದೊಡ್ಡದಾದ ರೋಜ್ಂಬೆರ್ಕ್ ಕೆರೆ 1590ರಲ್ಲಿ ಮುಗಿಯಿತು. ಅಲ್ಲಿ ಕೆರೆಗಳನ್ನು ಬರಿದುಮಾಡಿದಾಗ ಬಯಲಾಗುವ ಕೆಸರಿನಲ್ಲಿ ಕೋಲಿಯಾಂಥಸ್ ಎಂಬ ಬೆರಳುದ್ದದ ಏಕವಾರ್ಷಿಕ ಹುಲ್ಲು ಎದ್ದು, ಕೆಲವು ವಾರಗಳಲ್ಲಿ ಬೀಜ ಬಿಟ್ಟು ಮಾಯವಾಗುತ್ತದೆ. ಕೆರೆಯನ್ನು ಎಂದೂ ಬರಿದುಮಾಡದಿದ್ದರೆ ಅದಕ್ಕೆ ಬಾಳಿಲ್ಲ. ಪ್ರಪಂಚದಲ್ಲಿ ಅಪರೂಪವಾದ ಆ ಹುಲ್ಲನ್ನು ಉಳಿಸಲು ಅಲ್ಲಿಯ ಸಸ್ಯಶಾಸ್ತ್ರಜ್ಞರು ಕೆರೆಯ ನೀರಿನ ಏರಿಳಿತವನ್ನೇ ಲಕ್ಷ್ಯದಲ್ಲಿಡುತ್ತಾರೆ.

ಮುಂಡಿ ಅಪರೂಪವಲ್ಲ. ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯ, ಉತ್ತರ ಆಸ್ಟ್ರೇಲಿಯಗಳವರೆಗೂ ಅದು ಹರಡಿದೆ. ಆದರೆ ಒಂದು ಸಸ್ಯಜಾತಿ ಪ್ರಪಂಚದಲ್ಲಿ ಉಳಿಯುವುದು ಬೇರೆ, ಒಂದು ಕೆರೆಯಲ್ಲಿ ಉಳಿಯುವುದು ಬೇರೆ. ಕೋಲಾರದ ಕೆರೆಗಳ ಲಯ ಇಂದು ಎರಡು ಕಡೆಯಿಂದ ಕದಡಿದೆ.

ಮೊದಲನೆಯದು ನೀರು ಬಾರದ ಕೆರೆ. ಕಾಲುವೆಗಳು ಮುಚ್ಚಿಹೋಗಿ, ಅಂತರ್ಜಲ ಸಾವಿರ ಅಡಿಗಳಾಚೆಗೆ ಇಳಿದು, ಅನೇಕ ಕೆರೆಗಳು ವರ್ಷಾನುಗಟ್ಟಲೆ ತುಂಬಲಿಲ್ಲ. ಒಣಗಿದ ಅಂಗಳವನ್ನು ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಆವರಿಸಿತು. ಹೀಗಿರುವಾಗಲೂ ಬೀಜಗಳು ಕೆಲಕಾಲ ಕಾಯಬಲ್ಲವು. 1879ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ವಿಲಿಯಂ ಬೀಲ್ ಎಂಬ ಪ್ರಾಧ್ಯಾಪಕನು ಸೀಸೆಗಳಲ್ಲಿ ತುಂಬಿ ಹೂಳಿದ ಬೀಜಗಳಲ್ಲಿ ಕೆಲವು 2021ರಲ್ಲಿ ಅಗೆದು ಬಿತ್ತಿದಾಗಲೂ ಮೊಳೆತವು. ಆದರೆ ಎಲ್ಲ ಜಾತಿಗೂ ಅಷ್ಟು ಆಯುಸ್ಸಿಲ್ಲ. ಆ ಸೀಸೆಗಳಲ್ಲಿದ್ದ ಬಹುಪಾಲು ಜಾತಿಗಳು ಎಂದೋ ಸತ್ತುಹೋಗಿದ್ದವು. 2021ರ ನವೆಂಬರಿನ ಭಾರಿ ಮಳೆಗೆ ಕೋಲಾರದ ಅನೇಕ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಹರಿದವು. ಅಂತಹ ಮಳೆಯ ಮರುವರ್ಷ ಯಾವ ಕೆರೆಯ ಅಂಗಳದಲ್ಲಿ ಏನು ಮೊಳೆಯಿತೆಂಬುದು ಆ ಮಣ್ಣಿನಲ್ಲಿ ಏನು ಉಳಿದಿತ್ತೆಂಬುದಕ್ಕೆ ಸಾಕ್ಷಿ.

ಎರಡನೆಯದು ನೀರು ಇಳಿಯದ ಕೆರೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯ ನೀರು 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು ಸೇರಿತು. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸುವುದು ಅದರ ಉದ್ದೇಶ. ಬತ್ತಿದ ಬಾವಿಗಳಿಗೆ ಮತ್ತೆ ನೀರು ಬರುವುದು ಬಾಯಾರಿದ ಸೀಮೆಗೆ ಸಣ್ಣ ಮಾತಲ್ಲ. ಆದರೆ ನಗರದ ನೀರಿಗೆ ಮಳೆಗಾಲವೂ ಇಲ್ಲ, ಬೇಸಗೆಯೂ ಇಲ್ಲ. ಅದು ವರ್ಷವಿಡೀ ಒಂದೇ ಸಮನೆ ಬರುವುದು. ಸದಾ ತುಂಬಿದ ಕೆರೆಯಲ್ಲಿ ಅಂಚು ಸರಿಯದು, ಕೆಸರು ಬಯಲಾಗದು, ಬೀಜಕ್ಕೆ ಸೂಚನೆ ದೊರೆಯದು. ಸಂಸ್ಕರಿಸಿದ ನೀರಿನಲ್ಲಿಯೂ ಉಳಿಯುವ ನೈಟ್ರೇಟ್, ಫಾಸ್ಫೇಟ್‌ಗಳು ದಕ್ಷಿಣ ಅಮೆರಿಕದಿಂದ ಬಂದ ನೀರು ಹಯಸಿಂತಿನಂತಹ ಕಳೆಗಳಿಗೆ ಗೊಬ್ಬರವಾಗುತ್ತವೆ. ಕೆಸರಿನ ಗಿಡಕ್ಕೆ ಎಂದೂ ಇಳಿಯದ ನೀರೂ ಎಂದೂ ಬಾರದ ನೀರೂ ಒಂದೇ.

ಇವುಗಳ ಜೊತೆಗೆ ಹೂಳೆತ್ತುವ ಕೆಲಸ. ಕೆರೆಯ ಹೊಟ್ಟೆ ಉಳಿಯಬೇಕಾದರೆ ಹೂಳು ತೆಗೆಯಲೇಬೇಕು. ಆದರೆ ಯಂತ್ರಗಳು ಒಂದೇ ಬೇಸಗೆಯಲ್ಲಿ ಅಂಗಳವನ್ನೆಲ್ಲ ಆಳವಾಗಿ ಬಗೆದರೆ ಬೀಜದ ಭಂಡಾರವೂ ಮಣ್ಣಿನೊಡನೆ ಹೊರಟುಹೋಗುವುದು. ಇದಕ್ಕೆ ಪರಿಹಾರ ಕಷ್ಟವಲ್ಲ. ಏರಿಯ ಎದುರಿನ ತೆಳುನೀರಿನ ದಂಡೆಯನ್ನು ಮುಟ್ಟದೆ ಬಿಡಬಹುದು. ಅಥವಾ ಮೇಲಿನ ಕೆಲವು ಅಂಗುಲಗಳ ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಅದೇ ದಂಡೆಯಲ್ಲಿ ಹರಡಬಹುದು. ಕೆಟ್ಟ ಜೌಗುನೆಲಗಳನ್ನು ಮತ್ತೆ ಸರಿಪಡಿಸುವಾಗ ಬೀಜವಿರುವ ಮೇಲ್ಮಣ್ಣನ್ನು ಹೀಗೆ ಬಳಸುವ ರೂಢಿ ಬೇರೆ ದೇಶಗಳಲ್ಲಿಯೂ ಉಂಟು. ಹೊರಗಿನ ನೀರು ಬರುವ ಕೆರೆಗಳಲ್ಲಿ ವರ್ಷಕ್ಕೊಮ್ಮೆ ಮಟ್ಟವನ್ನು ಇಳಿಯಗೊಟ್ಟರೆ ಹಿಂದಿನ ಲಯ ಸ್ವಲ್ಪಮಟ್ಟಿಗಾದರೂ ಮರಳೀತು.

ಒಂದು ಪ್ರಯೋಗ

ನಿಮ್ಮೂರಿನ ಕೆರೆಯ ಭಂಡಾರ ಬರಿದಾಗಿದೆಯೆ, ಉಳಿದಿದೆಯೆ? ಇದನ್ನರಿಯಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಡಾರ್ವಿನ್ನನ ಬಟ್ಟಲು ಸಾಕು. ಬೇಸಗೆಯಲ್ಲಿ ಉಪಾಧ್ಯಾಯರೊಡನೆ ಹೋಗಿ, ಕೆರೆಯ ಒಣ ಅಂಗಳದ ಮೇಲ್ಪದರದಿಂದ ಹಲವು ಕಡೆ ಒಂದೊಂದು ಹಿಡಿ ಮಣ್ಣನ್ನು ತನ್ನಿ. ಮಣ್ಣು ತೆಗೆದು ಬಿಟ್ಟ ಆಳವಾದ ಗುಂಡಿಗಳ ಬಳಿಗೆ ಹೋಗಬೇಡಿ. ಮಣ್ಣನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ತಂದ ಮಣ್ಣನ್ನೆಲ್ಲ ಬೆರೆಸಿ ಮೂರು ಸಮಭಾಗ ಮಾಡಿ ಮೂರು ಅಗಲವಾದ ಪಾತ್ರೆಗಳಲ್ಲಿ ಹರಡಿ. ಒಂದನ್ನು ಒಣಗಿದಂತೆಯೇ ಬಿಡಿ. ಒಂದನ್ನು ಸದಾ ಒದ್ದೆಯಾಗಿಡಿ. ಮೂರನೆಯದರಲ್ಲಿ ಒಂದು ಗೇಣು ನೀರು ನಿಲ್ಲಿಸಿ, ಆರು ವಾರಗಳಾದ ಮೇಲೆ ನೀರನ್ನು ಬಸಿದು ಕೆಸರನ್ನು ಬಯಲಿಗೆ ಬಿಡಿ. ಪ್ರತಿವಾರವೂ ಮೊಳೆತ ಸಸಿಗಳನ್ನು ಎಣಿಸಿ ಬರೆದಿಡಿ. ಹೂ ಬಿಡುವವರೆಗೆ ಸಾಕಿ ಹೆಸರು ಗುರುತಿಸಿ. ಮೂರನೆಯ ಪಾತ್ರೆಯಲ್ಲಿ ನೀರು ಬಸಿಯುವ ಮುನ್ನ ಎಷ್ಟು ಮೊಳೆತವು, ಬಸಿದ ಮೇಲೆ ಎಷ್ಟು ಮೊಳೆತವು ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ.

ಮಾಲೂರಿನ ಒಂದು ಶಾಲೆ, ಮುಳಬಾಗಿಲಿನ ಒಂದು ಶಾಲೆ, ಶ್ರೀನಿವಾಸಪುರದ ಒಂದು ಶಾಲೆ ತಮ್ಮ ತಮ್ಮ ಕೆರೆಯ ಲೆಕ್ಕವನ್ನು ಹೀಗೆ ಬರೆದಿಟ್ಟರೆ, ಯಾವ ಕೆರೆಯ ಮಣ್ಣಿನಲ್ಲಿ ಜೀವವಿದೆ ಎಂಬುದು ತಿಳಿಯುವುದು. ಆ ಊರಿನಲ್ಲಿ ಹೂಳೆತ್ತುವ ಯಂತ್ರ ಬರುವ ಮುನ್ನ ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿಯವರ ಕೈಗೆ ಕೊಡಬಹುದು. ಎಲ್ಲಿ ಅಗೆಯಬೇಕು, ಯಾವ ದಂಡೆಯನ್ನು ಬಿಡಬೇಕು ಎಂದು ಅವರು ಗೊತ್ತುಮಾಡುವಾಗ, ನಿಮ್ಮ ಪಾತ್ರೆಯಲ್ಲಿ ಎದ್ದ ಸಸಿಗಳೇ ಕೆರೆಯಂಗಳದ ಪರವಾಗಿ ಸಾಕ್ಷಿ ಹೇಳುವುವು.